ಕಳಲೆಯ ಮಗಳು ಕಟ್ಟಿಸಿದ ಮದುವೆ ಮನೆ

ಮೈಸೂರು ಅರಮನೆಗೆ ಹೋದವರೆಲ್ಲ ದರ್ಬಾರ್ ಹಾಲ್ ನೋಡಲು ಅವಸರ ಮಾಡುತ್ತಾರೆ. ಗೊಂಬೆ ತೊಟ್ಟಿ, ಆನೆ ಬಾಗಿಲು ದಾಟಿ ಕಲ್ಯಾಣ ಮಂಟಪಕ್ಕೆ ಬಂದರೆ ಅಲ್ಲಿ ಒಂದೆರಡು ನಿಮಿಷ ತಲೆ ಎತ್ತಿ ನೋಡುತ್ತಾರೆ. ‘ಅಬ್ಬಾ’ ಅನ್ನುತ್ತಾರೆ, ಫೋಟೊ ತೆಗೆಯುತ್ತಾರೆ, ಮೆಟ್ಟಿಲ ಕಡೆ ನಡೆದುಬಿಡುತ್ತಾರೆ. ನಾನೂ ಎಷ್ಟೋ ಸಲ ಹಾಗೆಯೇ ಹೋದವನು. ಈ ಬೇಸಿಗೆ ರಜೆಯ ಕೊನೆಯಲ್ಲಿ ಹೋದಾಗ ಮಾತ್ರ ಕಾಲು ಅಲ್ಲೇ ನಿಂತಿತು. ಕಾರಣ ನನ್ನ ಮುಂದೆ ನಡೆಯುತ್ತಿದ್ದ ಒಬ್ಬ ಅಜ್ಜಿ.

ಚಿಕ್ಕಯ್ಯನಛತ್ರದ ಕಡೆಯವರು. ಮೈಸೂರಿನಲ್ಲಿ ಯಾರದೋ ಮದುವೆ ಮುಗಿಸಿ, ಬಸ್ಸು ಹತ್ತುವ ಮೊದಲು ಅರಮನೆ ನೋಡಿಕೊಂಡು ಹೋಗೋಣ ಎಂದು ಮೊಮ್ಮಗನ ಜೊತೆ ಬಂದಿದ್ದರು. ಮುಡಿಯಲ್ಲಿ ಮದುವೆ ಮನೆಯ ಮಲ್ಲಿಗೆ ಇನ್ನೂ ಬಾಡಿರಲಿಲ್ಲ. ಅಜ್ಜಿಗೆ ಗಾಜಿನ ಸೂರೂ ಬೇಕಿರಲಿಲ್ಲ, ಗೋಡೆಯ ಚಿತ್ರಗಳೂ ಬೇಕಿರಲಿಲ್ಲ. ಅವರಿಗೆ ಬೇಕಾಗಿದ್ದದ್ದು ಮದುವೆಯ ವಿವರ.

‘ಧಾರೆ ಎಲ್ಲಿ ಎರುದ್ರ್ಲಾ?’

‘ಅಗೋ ಅಲ್ಲಿ ಅಜ್ಜಿ, ನಡುಮಧ್ಯ. ಟೀವೀಲಿ ತೋರ್ಸಿದ್ರಲ್ಲ ಆವಾಗ.’

‘ಹೆಂಗುಸ್ರು ಎಲ್ಲಿ ಕುಂತಿದ್ರು?’

ಹುಡುಗ ಮೇಲಿನ ಅಂತಸ್ತಿನ ಮೊಗಸಾಲೆ ತೋರಿಸಿದ. ಹಿಂದೆ ಅರಮನೆಯ ಹೆಂಗಸರು ಅಲ್ಲಿಂದಲೇ ನೋಡುತ್ತಿದ್ದರಂತೆ ಅಂದ. ಅಜ್ಜಿ ಕತ್ತು ಹಿಂದಕ್ಕೆ ಮಾಡಿ ಬಹಳ ಹೊತ್ತು ನೋಡಿದರು. ‘ಅಷ್ಟ್ ಎತ್ರುದ್ಮೇಲೆ ಕೂರ್ಸುದ್ರೆ ಹೆತ್ತವ್ವುಂಗೆ ಏನ್ ಕಂಡಾದು?’ ಎಂದರು. ಆಮೇಲೆ ಗಾಜಿನ ಸೂರಿನ ಕಡೆ ಕಣ್ಣು ಹೊರಳಿಸಿ, ‘ಚಪ್ರ ಮಾತ್ರ ಚೆಂದಾಗದೆ. ಒಣ್ಗಕಿಲ್ಲ ಬುಡು’ ಎಂದು ಮುಂದೆ ನಡೆದರು.

‘ಹೆತ್ತವ್ವನಿಗೆ ಏನು ಕಂಡೀತು?’ ಎಂಬ ಆ ಮಾತು ಅಲ್ಲಿಂದಾಚೆ ನನ್ನನ್ನು ಬಿಟ್ಟಿಲ್ಲ. ಯಾಕೆಂದರೆ ಈ ಮಂಟಪದ ಕಥೆಯ ನಡುವೆ ಇರುವವಳೇ ಒಬ್ಬ ಹೆತ್ತವ್ವ. ಅವಳು ಅಜ್ಜಿಯ ತಾಲ್ಲೂಕಿನವಳೇ, ನಂಜನಗೂಡಿನ ಪಕ್ಕದ ಕಳಲೆಯವಳು.

ಕಳಲೆ ಅರಸು ಮನೆತನಕ್ಕೂ ಮೈಸೂರು ಒಡೆಯರಿಗೂ ಕೊಡುವ ತರುವ ಸಂಬಂಧ ಹಳೆಯದು. ಮೈಸೂರಿನ ದಳವಾಯಿಗಿರಿ ತಲೆಮಾರುಗಳ ಕಾಲ ಇದೇ ಮನೆಯವರ ಕೈಯಲ್ಲಿತ್ತು. ನಂಜನಗೂಡಿನಲ್ಲಿ ಕಪಿಲೆಗೆ 1735ರಲ್ಲಿ ಸೇತುವೆ ಕಟ್ಟಿಸಿದವರು ಈ ದಳವಾಯಿಗಳೇ. ದಳವಾಯಿ ನಂಜರಾಜಯ್ಯನ ಮಗಳು ಇಮ್ಮಡಿ ಕೃಷ್ಣರಾಜ ಒಡೆಯರ ಕೈ ಹಿಡಿದಳು. ಅಳಿಯ ದೊರೆಯಾದರೂ ಅಧಿಕಾರವೆಲ್ಲ ಮಾವನದೇ ಆಗಿತ್ತು. ಇತಿಹಾಸದ ಪುಸ್ತಕಗಳಲ್ಲಿ ಕಳಲೆ ಎಂದರೆ ಈ ದಳವಾಯಿಗಳ ಕತ್ತಿ ಮತ್ತು ಕಾರಸ್ಥಾನ. ನನಗೆ ಕಳಲೆ ದೊಡ್ಡದಾಗಿ ಕಾಣುವುದು ಅಲ್ಲಿಂದ ಮದುವೆಯಾಗಿ ಬಂದ ಇನ್ನೊಬ್ಬ ಹುಡುಗಿಯಿಂದ.

ಕೆಂಪನಂಜಮ್ಮಣ್ಣಿ ಹುಟ್ಟಿದ್ದು 1866ರಲ್ಲಿ. 1878ರ ಮೇ 26ರಂದು, ನಡು ಬೇಸಿಗೆಯಲ್ಲಿ, ಅವರಿಗೆ ಚಾಮರಾಜೇಂದ್ರ ಒಡೆಯರೊಡನೆ ಮದುವೆಯಾಯಿತು. ಹುಡುಗಿಗೆ ಹನ್ನೆರಡು, ಹುಡುಗನಿಗೆ ಹದಿನೈದು. ಅವರ ಕಾಲಕ್ಕೆ ಅದು ಸಹಜ. ಆದರೆ ಅದೇ ಚಾಮರಾಜೇಂದ್ರರ ಆಳ್ವಿಕೆಯಲ್ಲಿ, 1894ರಲ್ಲಿ, ಮೈಸೂರು ಸಂಸ್ಥಾನ ಬಾಲ್ಯವಿವಾಹ ತಡೆಯುವ ಕಾಯಿದೆ ತಂದಿತು. ಎಂಟು ವರ್ಷ ತುಂಬದ ಹೆಣ್ಣುಮಕ್ಕಳ ಮದುವೆ ಅಪರಾಧವಾಯಿತು, ಐವತ್ತು ದಾಟಿದ ಗಂಡಸು ಹದಿನಾಲ್ಕು ತುಂಬದ ಹುಡುಗಿಯನ್ನು ಮದುವೆಯಾಗುವುದಕ್ಕೂ ತಡೆ ಬಿತ್ತು. ಇವತ್ತಿನ ಕಣ್ಣಿಗೆ ಅದು ತೀರಾ ಸಣ್ಣ ಹೆಜ್ಜೆ, ನಿಜ. ಆಗ ಅದಕ್ಕೂ ಎದೆಗಾರಿಕೆ ಬೇಕಿತ್ತು.

ಅದೇ ವರ್ಷದ ಡಿಸೆಂಬರ್ 28ರಂದು ಚಾಮರಾಜೇಂದ್ರ ಒಡೆಯರು ಕಲ್ಕತ್ತೆಯಲ್ಲಿ ತೀರಿಕೊಂಡರು. ಆಗಿನ್ನೂ ಅವರಿಗೆ ಮೂವತ್ತೊಂದು. ಕೆಂಪನಂಜಮ್ಮಣ್ಣಿಯವರಿಗೆ ಇಪ್ಪತ್ತೆಂಟು. ಮಡಿಲಲ್ಲಿ ಐವರು ಮಕ್ಕಳು, ಅವರಲ್ಲಿ ಪಟ್ಟಕ್ಕೆ ಬರಬೇಕಾದ ಹುಡುಗನಿಗೆ ಹತ್ತು ವರ್ಷ. ಮಗ ಪ್ರಾಯಕ್ಕೆ ಬರುವ ತನಕ, 1895ರಿಂದ 1902ರವರೆಗೆ, ವಾಣಿವಿಲಾಸ ಸನ್ನಿಧಾನ ಎಂಬ ಬಿರುದಿನಲ್ಲಿ ಆ ತಾಯಿಯೇ ರೀಜೆಂಟ್ ಆಗಿ ರಾಜ್ಯ ನಡೆಸಿದರು. ಮಾರಿಕಣಿವೆ ಅಣೆಕಟ್ಟು ಶುರುವಾದದ್ದು, ಶಿವನಸಮುದ್ರದ ವಿದ್ಯುತ್ ಕೋಲಾರದ ಚಿನ್ನದ ಗಣಿಗೆ ಹರಿದದ್ದು ಅವರ ಕಾಲದಲ್ಲೇ. ಇದೆಲ್ಲ ಓದುಗರಿಗೆ ಗೊತ್ತಿರುವುದೇ. ನಾನು ಮದುವೆಗಳ ಕಡೆ ಬರುತ್ತೇನೆ.

ಗಂಡ ಹೋದ ಎರಡು ವರ್ಷಕ್ಕೆ ಹಿರಿಯ ಮಗಳು ಜಯಲಕ್ಷ್ಮಮ್ಮಣ್ಣಿಯ ಮದುವೆ ಬಂತು. ವರ ಎಂ. ಕಾಂತರಾಜ ಅರಸು, ಮುಂದೆ ವಿಶ್ವೇಶ್ವರಯ್ಯನವರ ನಂತರ ಮೈಸೂರಿನ ದಿವಾನರಾದವರು. 1897ರ ಫೆಬ್ರುವರಿ. ಹಳೆಯ ಅರಮನೆಯ ಬಹುಭಾಗ ಮರದ್ದು. ಟಿಪ್ಪುವಿನ ನಂತರ ಮುಮ್ಮಡಿ ಕೃಷ್ಣರಾಜ ಒಡೆಯರ ಎಳವೆಯಲ್ಲಿ ಕಟ್ಟಿದ್ದು. ಮದುವೆಯ ಸಂಭ್ರಮದ ನಡುವೆಯೇ ಆ ಮನೆಗೆ ಬೆಂಕಿ ಬಿತ್ತು.

ಮದುವೆ ಮನೆಯಲ್ಲಿ ದೀಪ ಆರಿದರೆ ಸಾಕು, ನಮ್ಮ ಕಡೆ ಅಪಶಕುನದ ಮಾತು ಎದ್ದುಬಿಡುತ್ತದೆ. ಹಾಲು ಒಡೆದರೆ, ತಾಳಿಯ ಗಂಟು ಜಾರಿದರೆ, ಆ ಹೆಣ್ಣುಮಗಳ ಕಾಲ್ಗುಣವನ್ನು ಎಷ್ಟು ವರ್ಷ ಆಡಿಕೊಳ್ಳುವುದಿಲ್ಲ ಜನ! ಇಲ್ಲಿ ಸುಟ್ಟುಹೋದದ್ದು ಇಡೀ ಅರಮನೆ. ಮದುವೆ ನಡೆಸುತ್ತಿದ್ದವಳು ಗಂಡನನ್ನು ಕಳೆದುಕೊಂಡು ಹೆಚ್ಚು ಕಾಲ ಆಗಿರದ ತಾಯಿ. ಆ ವಾರ ಮೈಸೂರಿನ ಬೀದಿಗಳಲ್ಲಿ ಯಾವ ಮಾತು ಓಡಾಡಿರಬಹುದು ಎಂದು ಊಹಿಸುವುದು ಕಷ್ಟವಲ್ಲ. ಆ ತಾಯಿ ಮಾಡಿದ್ದೇನು? ಅದೇ ವರ್ಷ, ಅದೇ ಜಾಗದಲ್ಲಿ, ಹೊಸ ಅರಮನೆ ಶುರು ಮಾಡಿಸಿದರು. ಶಿಮ್ಲಾದಲ್ಲಿ ವೈಸರಾಯ್ ನಿವಾಸ ಕಟ್ಟಿದ್ದ ಹೆನ್ರಿ ಇರ್ವಿನ್ ನಕ್ಷೆ ಬರೆದರು, ಬಿ.ಪಿ. ರಾಘವುಲು ನಾಯ್ಡು ಎಂಜಿನಿಯರಾಗಿ ನಿಂತು ಕಟ್ಟಿಸಿದರು. 1912ರ ಹೊತ್ತಿಗೆ ಮುಗಿದಾಗ ತಗುಲಿದ ಖರ್ಚು 41,47,913 ರೂಪಾಯಿ. ಮದುವೆಯಲ್ಲಿ ಸುಟ್ಟ ಮನೆಯ ಜಾಗದಲ್ಲಿ ಎದ್ದ ಆ ಮನೆಯ ಅತಿ ಚೆಲುವಿನ ಕೋಣೆಯನ್ನು ಮದುವೆಗೇ ಮೀಸಲಿಟ್ಟರು.

ಇದನ್ನು ಧೈರ್ಯ ಎನ್ನದೆ ಬೇರೇನೂ ಅನ್ನಲು ನನಗೆ ಬರುವುದಿಲ್ಲ. ದರ್ಬಾರ್ ಹಾಲ್ ದೊರೆಯ ಗತ್ತು ಹೇಳುತ್ತದೆ. ಕಲ್ಯಾಣ ಮಂಟಪ ಆ ಮನೆಯ ಕಥೆಯನ್ನೇ ಹೇಳುತ್ತದೆ.

ಆ ಕೋಣೆಯಲ್ಲಿ ನಿಂತು ಒಮ್ಮೆ ಲೆಕ್ಕ ಹಾಕಿ ನೋಡಿ. ಎಂಟು ಮೂಲೆಯ ಮಂಟಪ. ಸೂರು ಹೊತ್ತಿರುವುದು ಮೂರು ಮೂರಾಗಿ ಗುಂಪುಗೂಡಿದ ಎರಕದ ಕಬ್ಬಿಣದ ಕಂಬಗಳು. ಮೇಲೆ ಗಾಜು. ಕೆಳಗೆ ಹೂಬಳ್ಳಿ, ಜ್ಯಾಮಿತಿಯ ಚಿತ್ತಾರದ ಹೆಂಚಿನ ನೆಲ. ಹೋಮದ ಬೆಂಕಿ ಉರಿಯಬೇಕಾದ ಜಾಗದ ಮೇಲೆ ಕೆಳಗೆ ಸುತ್ತಮುತ್ತ ಇರುವುದೆಲ್ಲ ಕಬ್ಬಿಣ, ಗಾಜು, ಸುಟ್ಟ ಮಣ್ಣು. ಹಳೆಯ ಮನೆಯನ್ನು ನುಂಗಿದ ಬೆಂಕಿಗೆ ಇಲ್ಲಿ ತಿನ್ನಲು ಏನನ್ನೂ ಉಳಿಸಿಲ್ಲ. ಹೊಸ ಅರಮನೆಗೆ ಕಲ್ಲು, ಇಟ್ಟಿಗೆ, ಕಬ್ಬಿಣ ಹೆಚ್ಚಾಗಿ ಬಳಸಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಎಚ್ಚರಿಕೆ ಇಷ್ಟು ಚೆಲುವಾಗಿರಬಲ್ಲದು ಎಂಬುದು ನನಗೆ ಗೊತ್ತಾದದ್ದು ಇಲ್ಲಿ.

ಇನ್ನು ಆ ನವಿಲುಗಳು. ಅವುಗಳ ಬಗ್ಗೆ ಸ್ವಲ್ಪ ಹೆಚ್ಚೇ ಬರೆಯುತ್ತೇನೆ, ಓದುಗರು ಸಹಿಸಬೇಕು. ಗಾಜಿನ ಸೂರಿನ ತುಂಬ ನವಿಲು, ಹೂವು, ರೇಖೆಗಳ ಹೆಣಿಗೆ. ಹಸಿರು, ನೀಲಿ, ಹಳದಿ. ವಿನ್ಯಾಸ ಬರೆದವರು ಮೈಸೂರಿನ ಕಲಾವಿದರು. ಮಾಡಿ ಕಳುಹಿಸಿದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋದ ವಾಲ್ಟರ್ ಮ್ಯಾಕ್‌ಫರ್ಲೇನ್ ಕಂಪನಿಯ ಸ್ಯಾರಸನ್ ಫೌಂಡ್ರಿ. ಆ ಕಾಲದಲ್ಲಿ ಅಲಂಕಾರದ ಎರಕದ ಕಬ್ಬಿಣಕ್ಕೆ ಜಗತ್ತಿನಲ್ಲೇ ಹೆಸರಾದ ಕಾರ್ಖಾನೆ ಅದು. ಗ್ಲಾಸ್ಗೋದ ಪಾಸಿಲ್‌ಪಾರ್ಕ್ ಎಂಬ ಬಡಾವಣೆ ಬೆಳೆದದ್ದೇ ಈ ಕಾರ್ಖಾನೆಯ ಸುತ್ತ. ಉದ್ಯಾನದ ವಾದ್ಯಮಂಟಪ, ಬೀದಿಯ ನೀರಿನ ಕಾರಂಜಿ, ಕಟಕಟೆ, ದೀಪದ ಕಂಬ ಎಲ್ಲವೂ ಅವರ ಕ್ಯಾಟಲಾಗಿನಲ್ಲಿ ಸಂಖ್ಯೆ ಹೊತ್ತು ಕುಳಿತಿದ್ದವು. ಬೇಕಾದವರು ಪುಟ ತೆರೆದು ಬೇಕಾದ ಕಂಬ, ಬೇಕಾದ ಬೋದಿಗೆ ಆರಿಸಿ ಬರೆದು ಕಳುಹಿಸಿದರೆ ಸಾಕು, ಬಿಡಿಭಾಗಗಳು ಹಡಗೇರಿ ಬರುತ್ತಿದ್ದವು, ಇಲ್ಲಿ ಬೋಲ್ಟು ಹಾಕಿ ನಿಲ್ಲಿಸುವುದು. ಭಾರತ, ಆಫ್ರಿಕ, ಆಸ್ಟ್ರೇಲಿಯ, ದಕ್ಷಿಣ ಅಮೆರಿಕಗಳವರೆಗೂ ಆ ಕಬ್ಬಿಣ ಹೋಗಿದೆ.

ಕ್ಯಾಟಲಾಗಿನಲ್ಲಿ ಎಲ್ಲವೂ ಸಿಗುವ ಕಾಲದಲ್ಲಿ ಮೈಸೂರು ತನ್ನ ನವಿಲನ್ನು ತಾನೇ ಬರೆದು ಕಳುಹಿಸಿತು. ನನ್ನ ಮೆಚ್ಚುಗೆಯೆಲ್ಲ ಇದರ ಮೇಲೆ. ಕಬ್ಬಿಣ ನಿಮ್ಮದು, ಗಾಜು ನಿಮ್ಮದು, ಕುಲುಮೆ ನಿಮ್ಮದು, ಹಕ್ಕಿ ಮಾತ್ರ ನಮ್ಮದು. ಗಂಜೀಫಾ ಎಲೆಗಳಲ್ಲಿ, ಸಾಂಪ್ರದಾಯಿಕ ಚಿತ್ರಗಳಲ್ಲಿ ಕೂದಲೆಳೆಯಷ್ಟು ಸಣ್ಣ ಗೆರೆ ಎಳೆದು ಪಳಗಿದ ಪರಂಪರೆ ಮೈಸೂರಿನದು. ಆ ಪರಂಪರೆಯ ನವಿಲು ಪಾಸಿಲ್‌ಪಾರ್ಕಿನ ಹೊಗೆಯ ನಡುವೆ, ಕಬ್ಬಿಣದ ಚೌಕಟ್ಟಿನೊಳಗೆ ಸೇರಿ, ಸಮುದ್ರ ದಾಟಿ ಮರಳಿ ಬಂತು. ಅರಮನೆ ನೋಡಲು ಬರುವ ಎಷ್ಟೋ ಮಂದಿ ‘ಇದೆಲ್ಲ ಫಾರಿನ್ನಿಂದ ತರಿಸಿದ್ದು’ ಎಂದು ಹೆಮ್ಮೆಯಿಂದಲೋ ಮೂಗು ಮುರಿದೋ ಹೇಳುತ್ತಾರೆ. ನನಗೆ ಎರಡೂ ಒಪ್ಪಿಗೆಯಿಲ್ಲ. ಆ ಸೂರಿನ ಕಣ್ಣು ಮೈಸೂರಿನದು.

ಬೇಸಿಗೆಯಲ್ಲಿ ಅದನ್ನು ನೋಡಬೇಕು. ಏಪ್ರಿಲ್ ನಾಲ್ಕನೆಯ ವಾರದಲ್ಲಿ ಮೈಸೂರಿನ ನೆತ್ತಿಯ ಮೇಲೆ ಸೂರ್ಯ ನೇರವಾಗಿ ನಿಲ್ಲುತ್ತಾನೆ, ಅಲ್ಲಿಂದ ಆಗಸ್ಟ್ ತನಕ ಮಧ್ಯಾಹ್ನದ ಹೊತ್ತಿಗೆ ನೆತ್ತಿಯಿಂದ ಹೆಚ್ಚು ದೂರ ಸರಿಯುವುದಿಲ್ಲ. ನಮ್ಮ ಮದುವೆಗಳ ವೈಶಾಖ, ಜ್ಯೇಷ್ಠ ಬರುವುದು ಇದರ ನಡುವೆ. ನಾನು ನಿಂತಿದ್ದಾಗ ಹೊರಗೆ ಕಣ್ಣು ಬಿಡಲಾಗದ ಬಿಸಿಲು, ಒಳಗೆ ಬರಿಗಾಲಿಗೆ ತಣ್ಣಗಿನ ನೆಲ. ಗೋಡೆಯ ಮೇಲೆ ಹಿಂದಿನ ದಸರಾ ಮೆರವಣಿಗೆಗಳು. ಫೋಟೊಗಳನ್ನು ಆಧರಿಸಿ ಮೈಸೂರಿನ ಕಲಾವಿದರೇ ಮುಂದೆ ಬರೆದ 26 ಚಿತ್ರಗಳು. ಆನೆ, ಕುದುರೆ, ಒಡ್ಡೋಲಗ, ಜನಸಾಗರ. ಮೇಲಿನ ಬೆಳಕು ಇವೆಲ್ಲದರ ಮೇಲೆ ಮೆತ್ತಗೆ ಇಳಿಯುತ್ತದೆ. ಸ್ವಿಚ್ಚು ಹಾಕಿದ ದೀಪಕ್ಕೆ ಈ ಹದ ಬರುವುದಿಲ್ಲ.

ಅರಮನೆ ಏಳುತ್ತಿದ್ದ ಹದಿನೈದು ವರ್ಷವೂ ರಾಜಮನೆತನದವರು ಇದ್ದದ್ದು ಸ್ವಲ್ಪ ದೂರದ ಜಗನ್ಮೋಹನ ಅರಮನೆಯಲ್ಲಿ. ಮುಮ್ಮಡಿಯವರು 1861ರಲ್ಲಿ ಕಟ್ಟಿಸಿದ್ದು. ಕೆಂಪನಂಜಮ್ಮಣ್ಣಿಯವರ ಮಗ ನಾಲ್ವಡಿ ಕೃಷ್ಣರಾಜ ಒಡೆಯರ ಮದುವೆ ಅಲ್ಲಿಯೇ ನಡೆಯಿತು, 1900ರ ಜೂನ್ 6ರಂದು. ಹುಡುಗನಿಗೆ ಹದಿನಾರು ತುಂಬಿ ಎರಡೇ ದಿನ. ವಧು ಪ್ರತಾಪ ಕುಮಾರಿ, ಕಾಠಿಯಾವಾಡದ ವಾಣಾದವರು. ಕಳಲೆ, ಬೆಟ್ಟದಕೋಟೆ ಎಂದು ಸುತ್ತಮುತ್ತಲ ಅರಸು ಮನೆಗಳಿಂದಲೇ ಹೆಣ್ಣು ತರುತ್ತಿದ್ದ ಮನೆಗೆ ಗುಜರಾತಿನ ಸೊಸೆ ಬಂದಳು. ಎರಡು ವರ್ಷದ ನಂತರ ಅದೇ ಜಗನ್ಮೋಹನದಲ್ಲಿ ಲಾರ್ಡ್ ಕರ್ಜನ್ ಎದುರು ನಾಲ್ವಡಿಯವರಿಗೆ ಆಡಳಿತದ ಅಧಿಕಾರ ಬಂತು, ತಾಯಿ ರೀಜೆಂಟ್ ಪದವಿಯಿಂದ ಇಳಿದರು.

ಅಜ್ಜಿಯ ಪ್ರಶ್ನೆ ಇಲ್ಲಿ ಚುಚ್ಚುತ್ತದೆ. ಗಂಡ ಸತ್ತ ಹೆಂಗಸು ಮದುವೆಯ ಹಸೆಮಣೆಯ ಹತ್ತಿರ ಸುಳಿಯಬಾರದು, ಅಕ್ಷತೆಗೂ ಮುಂದೆ ಬರಬಾರದು ಎಂಬ ಪದ್ಧತಿಯ ಕಾಲ ಅದು. ನಂಜನಗೂಡು, ನರಸೀಪುರದ ಎಷ್ಟೋ ಹಳ್ಳಿಗಳಲ್ಲಿ ಇವತ್ತಿಗೂ ಹೆತ್ತ ತಾಯಿ ಅಡುಗೆ ಮನೆಯ ಬಾಗಿಲ ಮರೆಯಲ್ಲಿ ನಿಂತು ಮಗನ ಧಾರೆ ನೋಡುವುದನ್ನು ಕಂಡಿದ್ದೇನೆ. ರಾಜ್ಯವನ್ನೇ ಆಳುತ್ತಿದ್ದ ಹೆಂಗಸಿಗೂ ಆ ಕಾಲದ ಶಾಸ್ತ್ರ ಬೇರೆ ಜಾಗ ಕೊಡುತ್ತಿರಲಿಲ್ಲ. ಮದುವೆ ಮಂಟಪ ಕಟ್ಟಿಸಬಲ್ಲವಳು, ಅದರ ನಡುವೆ ನಿಲ್ಲಲಾರಳು. ಮೇಲಿನ ಮೊಗಸಾಲೆಯನ್ನು ಆ ಕಣ್ಣಿನಿಂದ ನೋಡಿದ ಮೇಲೆ ನನಗೆ ಅದು ಬರೀ ಅಲಂಕಾರವಾಗಿ ಕಾಣುತ್ತಿಲ್ಲ. ಹಾಗೆ ನೋಡಿದರೆ ಮದುವೆ ಚೆನ್ನಾಗಿ ಕಾಣುವುದೂ ಮೇಲಿನಿಂದಲೇ. ಕೆಳಗೆ ನಿಂತವರಿಗೆ ಪುರೋಹಿತರ ಬೆನ್ನು, ಬೀಗರ ಪೇಟ. ಮೇಲಿದ್ದವಳಿಗೆ ಧಾರೆಯ ನೀರು ಬೀಳುವುದೂ ಕಾಣುತ್ತದೆ.

ಮುಂದಿನ ಮದುವೆಗಳನ್ನು ಬೇಗ ಹೇಳಿ ಮುಗಿಸುತ್ತೇನೆ. 1938ರ ಮೇ ತಿಂಗಳಲ್ಲಿ ಜಯಚಾಮರಾಜ ಒಡೆಯರ ಮದುವೆ. 1976ರಲ್ಲಿ ಶ್ರೀಕಂಠದತ್ತ ನರಸಿಂಹರಾಜ ಒಡೆಯರು ಪ್ರಮೋದಾದೇವಿಯವರ ಕೈ ಹಿಡಿದರು. ಆಮೇಲೆ ನಾಲ್ಕು ದಶಕ ಕಳೆದು 2016ರ ಜೂನ್ 27, ಸೋಮವಾರ. ಯದುವೀರ ಕೃಷ್ಣದತ್ತ ಚಾಮರಾಜ ಒಡೆಯರ್ ಮತ್ತು ರಾಜಸ್ಥಾನದ ಡುಂಗರ್‌ಪುರದ ತ್ರಿಷಿಕಾ ಕುಮಾರಿ ಸಿಂಗ್ ಅವರ ಮದುವೆ ಇದೇ ಕಲ್ಯಾಣ ಮಂಟಪದಲ್ಲಿ ನಡೆಯಿತು. ಬೆಳಿಗ್ಗೆ ಒಂಬತ್ತು ಗಂಟೆ ದಾಟಿದ ಮೇಲೆ ಕರ್ಕಾಟಕ ಲಗ್ನ. ಆಷಾಢ ಕಾಲಿಡಲು ಒಂದು ವಾರವಷ್ಟೇ ಬಾಕಿ. ಶಾಸ್ತ್ರಗಳು ಹಲವು ದಿನ ನಡೆದವು. ನಮ್ಮ ಮನೆಯಲ್ಲಿ ಆ ದಿನ ಬೆಳಗಿನ ತಿಂಡಿ ಟೀವಿಯ ಮುಂದೆಯೇ ಆಯಿತು. ಅವತ್ತು ನಾನು ನೋಡಿದ್ದು ವಧೂವರರ ಉಡುಗೆ, ಒಡವೆ. ಅವರ ತಲೆಯ ಮೇಲಿದ್ದ ನವಿಲುಗಳ ಕಡೆ ಕಣ್ಣು ಹೋಗಲಿಲ್ಲ.

ಆ ಮದುವೆಯ ಸುದ್ದಿ ಬರೆದವರಲ್ಲಿ ಬಹಳ ಮಂದಿ, ಮೈಸೂರು ದೊರೆಗಳಿಗೆ ಮಕ್ಕಳಾಗದಿರಲಿ ಎಂಬ ತಲಕಾಡಿನ ಶಾಪವನ್ನೂ ಜೊತೆಗೆ ಬರೆದರು. ನರಸೀಪುರ ತಾಲ್ಲೂಕಿನವರಿಗೆ ಆ ಕಥೆ ಹೇಳಬೇಕಾಗಿಲ್ಲ, ಅಲಮೇಲಮ್ಮನ ಹೆಸರು ಅಲ್ಲಿನ ಮರಳಿನಲ್ಲೇ ಇದೆ. ಅಲಮೇಲಮ್ಮನ ಸಂಕಟದ ಬಗ್ಗೆ ನನಗೆ ಗೌರವವಿದೆ. ಒಡವೆಗಾಗಿ ಅಟ್ಟಿಸಿಕೊಂಡ ಹೆಂಗಸಿನ ಕಥೆಯನ್ನು ಜನ ನಾಲ್ಕು ನೂರು ವರ್ಷ ಮರೆಯದೆ ಕಾಪಾಡಿದ್ದು ಸಣ್ಣ ಸಂಗತಿಯಲ್ಲ. ಆದರೆ ಪ್ರತಿ ಮದುವೆಯ ದಿನವೂ ‘ಮಕ್ಕಳಾಗುತ್ತವೋ ಇಲ್ಲವೋ’ ಎಂದು ಲೆಕ್ಕ ಹಾಕುವುದು ನನಗೆ ಹಿಡಿಸುವುದಿಲ್ಲ. ಕೆಂಪನಂಜಮ್ಮಣ್ಣಿಯವರಿಗೆ ಐವರು ಮಕ್ಕಳು. ಶಾಪದ ಲೆಕ್ಕದಲ್ಲಿ ಅವರು ಹಿಡಿಯುವುದೇ ಇಲ್ಲ. ಯದುವೀರ–ತ್ರಿಷಿಕಾ ದಂಪತಿಗೆ 2017ರ ಡಿಸೆಂಬರಿನಲ್ಲಿ ಗಂಡುಮಗು ಹುಟ್ಟಿದಾಗ ಶಾಪ ವಿಮೋಚನೆಯಾಯಿತು ಎಂದು ಸಂಭ್ರಮಿಸಿದರು. ಮನೆಗೆ ಬಂದ ಹೆಣ್ಣುಮಗಳನ್ನು ಶಾಪ ಕಳೆಯುವ ಸಾಧನವಾಗಿ ನೋಡುವ ಈ ಚಟ ಬಿಡಬೇಕು.

ನಮ್ಮ ಕಡೆಯ ಮದುವೆಗಳ ಮೇಲೆ ಆ ಮಂಟಪದ ನೆರಳು ಬೀಳುತ್ತಲೇ ಇದೆ. ಚಿಕ್ಕಯ್ಯನಛತ್ರ ಹೋಬಳಿಯ ಯಾವ ಮದುವೆಗೆ ಹೋದರೂ ವೇದಿಕೆಯ ಹಿಂದೆ ಅರಮನೆಯ ಕಮಾನು. ಬಟ್ಟೆಯದೋ, ಥರ್ಮಾಕೋಲಿನದೋ, ಇಕ್ಕೆಲದಲ್ಲಿ ಎರಡು ನವಿಲು. ದುಡ್ಡಿದ್ದವರು ಹಳೆಯ ಬಂಗಲೆ, ರೆಸಾರ್ಟು ಎಂದು ಹುಡುಕುತ್ತಾರೆ. ಇಲ್ಲದವರಿಗೆ ಶ್ರೀಕಂಠೇಶ್ವರನ ಸನ್ನಿಧಿ, ಸುತ್ತೂರು ಜಾತ್ರೆಯ ಸಾಮೂಹಿಕ ವಿವಾಹ. ನನಗೆ ಬೇಸರವಾಗುವುದು ನಕಲಿ ಕಮಾನಿಗಲ್ಲ, ಆ ಆಸೆ ಸಹಜವಾದದ್ದು. ಬೇಸರವಾಗುವುದು ಎಲೆಯ ಮೇಲೆ. ಅರಮನೆಯ ಕಮಾನು ಬಂದ ಜಾಗದಲ್ಲಿ ನಂಜನಗೂಡಿನ ರಸಬಾಳೆ ಕಾಣೆಯಾಗಿದೆ. ಸೊರಗು ರೋಗ ಬಡಿದು ತೋಟಗಳು ಬರಿದಾದ ಮೇಲೆ, ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಆ ಹಣ್ಣನ್ನು ಅದರ ಊರಿನ ಮದುವೆಯಲ್ಲೇ ಕಾಣುವುದು ಅಪರೂಪ. ಮೈಸೂರು ವೀಳ್ಯದೆಲೆ, ಮೈಸೂರು ಮಲ್ಲಿಗೆಗಳಿಗೂ ಅದೇ ಮಾನ್ಯತೆ ಇದೆ. ಈ ಮೂರೂ ಒಟ್ಟಿಗೆ ಇರುವ ಒಂದು ತಾಂಬೂಲದ ತಟ್ಟೆ ಯಾವ ಅರಮನೆಗೂ ಕಡಿಮೆಯಲ್ಲ.

ಅರಮನೆಯಿಂದ ಹೊರಬಿದ್ದ ಮೇಲೂ ಆ ಬೆಂಕಿಯ ಮದುವೆ ತಲೆಯಲ್ಲಿ ಸುತ್ತುತ್ತಿತ್ತು. ಹೆಣ್ಣಿನ ಕಾಲ್ಗುಣದ ಮಾತು ಅವಳ ಬೆನ್ನು ಹತ್ತಿತೆ? ಅದಕ್ಕೆ ಮನೆಯವರು ಏನು ಉತ್ತರ ಕೊಟ್ಟರು? ಉತ್ತರ ಮಾನಸಗಂಗೋತ್ರಿಯಲ್ಲಿ ಕಟ್ಟಡವಾಗಿಯೇ ನಿಂತಿದೆ. 1905ರಲ್ಲಿ ಆ ಹಿರಿಯ ಮಗಳಿಗೆಂದೇ ಕಟ್ಟಿಸಿದ ಮನೆ ಜಯಲಕ್ಷ್ಮಿ ವಿಲಾಸ. ತಂಗಿಯರಿಗೂ ಒಂದೊಂದು ಬಂಗಲೆ ಎದ್ದವು. ಕಾರಂಜಿ ಮ್ಯಾನ್ಷನ್ ಕೃಷ್ಣಾಜಮ್ಮಣ್ಣಿಗೆ, ಇಂದು ಸಿಎಫ್‌ಟಿಆರ್‌ಐ ಇರುವ ಬಂಗಲೆ ಚೆಲುವಾಜಮ್ಮಣ್ಣಿಗೆ. ಆದರೆ ಜಯಲಕ್ಷ್ಮಿ ವಿಲಾಸದ ಮಾತೇ ಬೇರೆ. ಅದು ಮುಂದೆ ವಿಶ್ವವಿದ್ಯಾಲಯಕ್ಕೆ ಸೇರಿತು, ಅಲ್ಲಿ ಜಾನಪದ ವಸ್ತುಸಂಗ್ರಹಾಲಯ ಬಂತು. ನಾವು ಅಲ್ಲಿಗೆ ಹೋದದ್ದೆಲ್ಲ ಸೋಮನ ಕುಣಿತದ ಮುಖವಾಡ, ಗೊಂಬೆಗಳನ್ನು ನೋಡಲು. ಮನೆಯನ್ನು ನೋಡಿದವರು ಕಡಿಮೆ. ಅದರ ನಡುವೆಯೂ ಒಂದು ಕಲ್ಯಾಣ ಮಂಟಪವಿದೆ. ಎಂಟು ಕಂಬ, ಮೇಲೆ ಬಣ್ಣದ ಗಾಜಿನ ಬೆಳಕಿಂಡಿ. ದೊಡ್ಡ ಅರಮನೆ ಮುಗಿಯುವುದಕ್ಕೆ ಏಳು ವರ್ಷ ಮೊದಲೇ, ಯಾರ ಮದುವೆಯಲ್ಲಿ ಅರಮನೆ ಸುಟ್ಟಿತೋ ಆ ಮಗಳ ಮನೆಯೊಳಗೆ ಹೊಸ ಮದುವೆ ಮಂಟಪ ಸಿದ್ಧವಾಗಿತ್ತು.